ರಸ್ತೆ ದಾಟಿದ ತಂತಿ

ಕೆರೆಕಟ್ಟೆ
4 ಡಿಸೆಂಬರ್ 2005

ಪ್ರೀತಿಯ ವೀರಬಸಮ್ಮ,

ದೀಪಾವಳಿಗೇ ಬರೆಯಬೇಕಾಗಿದ್ದ ಕಾಗದ ಇದು. ಯಾಕೆ ತಡವಾಯಿತು ಎಂದು ಹೇಳಿದರೆ ನಗುತ್ತೀಯ. ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜ್ ಬಿಟ್ಟು ಇಷ್ಟು ವರ್ಷದ ಮೇಲೆ ನಾನು ಮತ್ತೆ ಬೋರ್ಡಿನ ಮುಂದೆ ಕೂತಿದ್ದೇನೆ. ನೀನು ಇಲಾಖೆಯಲ್ಲೇ ಉಳಿದು ಪರೀಕ್ಷೆ ಬರೆದು ಬರೆದು ಬೆಂಗಳೂರಿನಲ್ಲಿ ಅಧಿಕಾರಿಯಾದೆ. ನಾನು ಮದುವೆಯಾಗಿ ಈ ಕಾಡಂಚಿಗೆ ಬಂದು ದೋಸೆ ಹುಯ್ಯುವವಳಾದೆ. ಈಗ ದೋಸೆ ಹುಯ್ಯುತ್ತಾ ಆಪರೇಟರ್.

ಶೃಂಗೇರಿಯಲ್ಲಿ ಒಂದು ಹಳೆಯ ಲಾಡ್ಜ್ ಮುಚ್ಚಿತು. ರೂಮು ರೂಮಿಗೆ ಫೋನು ಜೋಡಿಸುತ್ತಿದ್ದ ಅವರ ಬೋರ್ಡು ಗುಜರಿಗೆ ಹೋಗುವುದರಲ್ಲಿತ್ತು. ನಮ್ಮ ಹೋಟೆಲಿಗೆ ಬೆಂಚು ನೋಡಲು ಹೋದ ಇವರು ಬೆಂಚು ಬಿಟ್ಟು ಅದನ್ನು ಜೀಪಿಗೆ ಹೇರಿಕೊಂಡು ಬಂದರು. "ನಿಂಗೆ ಬತ್ತಲ್ಲ ಇದು. ಇಟ್ಕ" ಎಂದರು. ಹೋಟೆಲಿನ ಹಿಂದಿನ ಕೋಣೆಯಲ್ಲಿ ಇಟ್ಟೆವು. ಮರ ಹತ್ತುವುದರಲ್ಲಿ ಅಡಿಕೆ ಕೊಯ್ಯುವ ನಮ್ಮ ಚೋಮನಿಗೆ ಸಮ ಯಾರೂ ಇಲ್ಲ. ಅವನು ಮರದಿಂದ ಮರಕ್ಕೆ ತಂತಿ ಎಳೆದ. ಈಗ ಊರಿನ ಹೆಚ್ಚಿನ ಮನೆಗಳಲ್ಲಿ ಫೋನು. ಯಾರು ಎತ್ತಿದರೂ ನನ್ನ ಬೋರ್ಡಿನಲ್ಲಿ ದೀಪ ಹತ್ತುತ್ತದೆ. "ಯಾರು ಬೇಕು?" ಎಂದು ಕೇಳುತ್ತೇನೆ, ಜೋಡಿಸುತ್ತೇನೆ.

ಹೋದ ವಾರ ಹಳ್ಳದಾಚೆಯ ಜಲಜಮ್ಮನ ದೀಪ ಹತ್ತಿತು. ಅವರಿಗೆ ಉಬ್ಬಸ; ಮನೆಯಲ್ಲಿ ಅವರೊಬ್ಬರೇ. ಯಾರು ಬೇಕು ಎಂದರೆ ಮಾತಿಲ್ಲ, ಬರೀ ಉಸಿರು. ಇವರು ಜೀಪು ತಿರುಗಿಸಿಕೊಂಡು ಹೋಗಿ ಶೃಂಗೇರಿ ಆಸ್ಪತ್ರೆಗೆ ಸೇರಿಸಿದರು. ಬದುಕಿದರು. ವಾಪಸು ಬಂದವರು ಫೋನಿಗೆ ಕುಂಕುಮ ಹಚ್ಚಿದ್ದಾರಂತೆ.

ಇದಕ್ಕೆಲ್ಲ ಏನಾದರೂ ಕಾಗದಪತ್ರ ಬೇಕಾಗುತ್ತದೆಯೇ? ಕೇಳಬೇಕು ಎನಿಸಿತು, ಅಷ್ಟೆ. ರಜೆ ಹಾಕಿ ಒಮ್ಮೆ ಬಾ, ನನ್ನ ಬೋರ್ಡು ನೋಡು.

ನಿನ್ನ
ಪದ್ಮಾಕ್ಷಿ

~

ಬೆಂಗಳೂರು
19 ಡಿಸೆಂಬರ್ 2005

ಪ್ರೀತಿಯ ಪದ್ಮಾಕ್ಷಿ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಒಡೆದು ಓದಿ ಬ್ಯಾಗಿಗೆ ಹಾಕಿದೆ. ಬಸ್ಸಿನಲ್ಲಿ ಮತ್ತೆ ತೆಗೆದು ಓದಿದೆ. ಜಲಜಮ್ಮನ ವಿಷಯ ಓದಿ ಸಂತೋಷವಾಯಿತು. ಆದರೆ ಮನಸ್ಸು ನಿಲ್ಲುತ್ತಿಲ್ಲ.

ನಾನು ಈಗ ದೂರಸಂಪರ್ಕ ಇಲಾಖೆಯ ಪರವಾನಗಿ ವಿಭಾಗದಲ್ಲಿದ್ದೇನೆ. ಆದ್ದರಿಂದ ನೇರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ದೇಶದಲ್ಲಿ ಫೋನು ನಡೆಸುವ ಹಕ್ಕು ಕೇಂದ್ರ ಸರ್ಕಾರದ್ದು. ಬ್ರಿಟಿಷರ ಕಾಲದ ಟೆಲಿಗ್ರಾಫ್ ಕಾಯಿದೆಯೇ ಇವತ್ತಿಗೂ ನಡೆಯುತ್ತಿರುವುದು. ಬೇರೆ ಯಾರು ನಡೆಸಬೇಕಾದರೂ ಪರವಾನಗಿ ಬೇಕು. ನಿನ್ನ ಅಡುಗೆಮನೆಯಿಂದ ಗಲ್ಲಾಪೆಟ್ಟಿಗೆಗೆ ತಂತಿ ಎಳೆದರೆ ಯಾರೂ ಕೇಳುವುದಿಲ್ಲ, ಅದು ಒಂದೇ ಆವರಣ. ತಂತಿ ರಸ್ತೆ ದಾಟಿ ಇನ್ನೊಬ್ಬರ ಮನೆಗೆ ಹೋಯಿತೋ, ನೀನು ಫೋನ್ ಕಂಪನಿ ನಡೆಸುತ್ತಿದ್ದೀಯ ಎಂದೇ ಲೆಕ್ಕ. ಜೈಲಿಗೂ ಅವಕಾಶವಿದೆ.

ತಂತಿ ಸಾರ್ವಜನಿಕ ರಸ್ತೆ ದಾಟಿದೆಯೇ? ಜನರಿಂದ ದುಡ್ಡು ತೆಗೆದುಕೊಳ್ಳುತ್ತಿದ್ದೀಯಾ? ನಿಮ್ಮ ಹೋಟೆಲಿನಲ್ಲಿ ಸರ್ಕಾರಿ ಫೋನು ಒಂದಿದೆಯಲ್ಲ, ಅದನ್ನು ಬೋರ್ಡಿಗೆ ಸೇರಿಸಿದ್ದೀಯಾ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಊರೊಳಗೆ ಮಾತಾಡಿಕೊಳ್ಳುವುದು ಒಂದು ತಪ್ಪು. ಹೊರಗಿನ ಲೈನಿಗೆ ಕೊಂಡಿ ಹಾಕುವುದು ಅದಕ್ಕಿಂತ ದೊಡ್ಡದು.

ಉತ್ತರ ಬರುವವರೆಗೆ ಬೋರ್ಡು ನಿಲ್ಲಿಸು. ಈ ವಿಷಯಕ್ಕೆ ನನಗೆ ಫೋನ್ ಮಾಡಬೇಡ, ಬರೆ.

ನಿನ್ನ
ವೀರಬಸಮ್ಮ

~

ಕೆರೆಕಟ್ಟೆ
8 ಜನವರಿ 2006

ವೀರಬಸಮ್ಮ,

ನಿನ್ನ ಕಾಗದ ನಮ್ಮಿಬ್ಬರ ಹಳೆಯ ಸೂಪರ್‌ವೈಸರ್ ಬರೆದ ಹಾಗಿತ್ತು. ದುಡ್ಡಿನ ಪ್ರಶ್ನೆಯನ್ನು ನೀನು ಕೇಳಬಾರದಿತ್ತು. ಜನ ತಂತಿ ತಾವೇ ತಂದಿದ್ದಾರೆ. ಯಾರಾದರೂ ಒಂದು ಸೌತೆಕಾಯಿ ಕೊಟ್ಟು ಹೋದರೆ ತೆಗೆದುಕೊಳ್ಳುತ್ತೇನೆ. ಅದಕ್ಕೂ ಸೆಕ್ಷನ್ ಇದ್ದರೆ ಬರೆ.

ಪಂಚಾಯಿತಿ ಸದಸ್ಯ ಗಿಡ್ಡಯ್ಯನವರನ್ನು ಕೂರಿಸಿಕೊಂಡು ನಿನ್ನ ಕಾಗದದ ಸಾರ ಹೇಳಿದೆ. ಅವರು ಕಾಫಿ ಕುಡಿದು ಮುಗಿಸಿದರು.

"ತಂತಿ ರಸ್ತೆ ದಾಟಿಲ್ಲಲ್ಲ ಮಾರಾಯ್ತಿ" ಎಂದರು ಆಮೇಲೆ.

"ಆಚೆ ಕಡೆ ಮನೆಗೆ ಹೆಂಗೆ ಹೋಯ್ತು ಮತ್ತೆ?"

"ಮೋರಿ ಒಳಗಿಂದ ಹೋಗಿದೆ. ಅಡಿಗೆ ಹೋಗಿದ್ದನ್ನ ದಾಟಿದ್ದು ಅಂತಾರಾ?"

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಒಬ್ಬಳೇ ಬೋರ್ಡಿನ ಮುಂದೆ ಕೂತಾಗ ನಗು ಉಳಿಯಲಿಲ್ಲ. ಲಾರಿ ನಿಂತರೆ ಎದ್ದು ಕಿಟಕಿಯಲ್ಲಿ ನೋಡುತ್ತೇನೆ. ಗುರುತಿಲ್ಲದವರು ಕಾಫಿ ಕೇಳಿದರೆ ಮಧ್ಯದ ಬಾಗಿಲು ಎಳೆದುಕೊಳ್ಳುತ್ತೇನೆ. ಮೊನ್ನೆ ನೆಮ್ಮಾರಿನಿಂದ ಬಂದ ಇನ್ಶೂರೆನ್ಸ್ ಏಜೆಂಟನನ್ನು ಇಲಾಖೆಯವನೆಂದು ತಿಳಿದು ದೋಸೆ ಸೀಯಿಸಿದೆ.

ಪರವಾನಗಿ ಬೇಕೆಂದರೆ ತೆಗೆದುಕೊಳ್ಳುತ್ತೇವೆ. ಅರ್ಜಿ ಹೇಗೆ ಬರೆಯಬೇಕು, ಯಾರಿಗೆ ಬರೆಯಬೇಕು, ಅದನ್ನು ತಿಳಿಸು. ಬೋರ್ಡು ನಿಲ್ಲಿಸಿಲ್ಲ. ನಿಲ್ಲಿಸಿದರೆ ಜಲಜಮ್ಮನಿಗೆ ಏನು ಹೇಳಲಿ?

ಪದ್ಮಾಕ್ಷಿ

~

ಬೆಂಗಳೂರು
2 ಮಾರ್ಚ್ 2006

ಪ್ರೀತಿಯ ಪದ್ಮಾಕ್ಷಿ,

ಎರಡು ತಿಂಗಳು ಸುಮ್ಮನೆ ಕೂತಿರಲಿಲ್ಲ. ನಿಮ್ಮಂಥ ಊರಿಗೆ ಪರವಾನಗಿಯೇ ಇಲ್ಲ. ಇರುವ ಪರವಾನಗಿ ಇಡೀ ರಾಜ್ಯಕ್ಕೆ. ಅದನ್ನು ಕೇಳುವವರು ದೊಡ್ಡ ಕಂಪನಿಗಳು. ಅವರು ಇಡುವ ಠೇವಣಿಯಲ್ಲಿ ಶೃಂಗೇರಿ ತಾಲ್ಲೂಕನ್ನೇ ಕೊಳ್ಳಬಹುದೇನೋ. ಒಂದು ಹಳ್ಳಿ ತನ್ನೊಳಗೆ ತಾನು ಮಾತಾಡಿಕೊಳ್ಳುತ್ತದೆ ಎಂಬ ಯೋಚನೆ ಆ ನಿಯಮ ಬರೆದವರಿಗೆ ಬಂದೇ ಇಲ್ಲ.

ಊರಿನ ಹೆಸರು ಹಾಕದೆ ಒಂದು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ಗುಡ್ಡಗಾಡು ಹಳ್ಳಿಗಳ ಒಳ ಲೈನುಗಳಿಗೆ ಸಣ್ಣದೊಂದು ಅನುಮತಿ ಕೊಡಬಹುದೇ ಎಂದು. "ಪರಿಶೀಲನೆಗೆ ಅವಕಾಶವಿಲ್ಲ" ಎಂದು ವಾಪಸು ಬಂತು. ನನ್ನ ಮೇಲಧಿಕಾರಿ ಒಳ್ಳೆಯವರು, "ಇದು ಎಲ್ಲಿ ಹೊಳೀತು ನಿಮಗೆ?" ಎಂದು ಕೇಳಿದರು. ನಾನು ಹೇಳಲಿಲ್ಲ.

ಮೋರಿಯ ಮಾತಿಗೆ ನಾನೂ ನಕ್ಕೆ. ಆದರೆ ಮೂರನೆಯ ಪ್ರಶ್ನೆಗೆ ನೀನು ಉತ್ತರ ಬರೆದಿಲ್ಲ. ಹೊರಗಿನ ಲೈನನ್ನು ಸೇರಿಸಿದ್ದೀಯಾ? ಸೇರಿಸಿದ್ದರೆ ಇವತ್ತೇ ತೆಗೆ. ಯಾಕೆ ಎಂದು ಕೇಳಬೇಡ.

ನಿನ್ನ
ವೀರಬಸಮ್ಮ

~

ಬೆಂಗಳೂರು
11 ಏಪ್ರಿಲ್ 2006

ಪದ್ಮಾಕ್ಷಿ,

ನಿನ್ನಿಂದ ಕಾಗದವಿಲ್ಲ. ಟಪಾಲು ಬಂದಾಗೆಲ್ಲ ಜವಾನನ ಕೈ ನೋಡುತ್ತೇನೆ. ಒಂದು ಸಾಲು ಸಾಕು. ಸೇರಿಸಿದ್ದೀಯಾ, ಇಲ್ಲವಾ?

ವೀರಬಸಮ್ಮ

~

ಕೆರೆಕಟ್ಟೆ
28 ಮೇ 2006

ವೀರಬಸಮ್ಮನವರಿಗೆ,

ಶೃಂಗೇರಿ ಮಠಕ್ಕೆ ಬಂದಿದ್ದ ಎನ್.ಆರ್. ಪುರದ ಜನ ನಮ್ಮ ಹೋಟೆಲಿನಲ್ಲಿ ತಿಂಡಿ ತಿಂದರು. ಮಾತಿಗೆ ಮಾತು ಬಂದು, ನಿಮ್ಮ ಅಣ್ಣ ಕರಿಬಸವಯ್ಯನವರ ಮಗಳು ಶಿಲ್ಪಶ್ರೀಯ ಮದುವೆ ಹೋದ ವಾರ ಆಯಿತೆಂದು ಗೊತ್ತಾಯಿತು. ಬೆಂಗಳೂರಿನ ಅತ್ತೆ ಬಂದು ನಾಲ್ಕು ದಿನ ಇದ್ದರಂತೆ. ಸಂತೋಷ.

ನನ್ನನ್ನು ಕರೆಯದಿದ್ದರೆ ಬೇಡ. ಎನ್.ಆರ್. ಪುರದವರೆಗೆ ಬಂದವಳಿಗೆ ಕೊಪ್ಪ ದಾಟಿ ಇಲ್ಲಿಗೆ ಬರುವುದು ಭಾರವಾಯಿತೇ? ಕಾನೂನು ಮುರಿದವಳ ಮನೆಯಲ್ಲಿ ಕಾಫಿ ಕುಡಿದರೆ ನೌಕರಿಗೆ ತೊಂದರೆ ಇರಬಹುದು. ಅರ್ಥವಾಗುತ್ತದೆ.

ನಿಮ್ಮ ಪ್ರಶ್ನೆಗಳಿಗೆ ನಾನು ಉತ್ತರಿಸಬೇಕಾಗಿಲ್ಲ.

ಪದ್ಮಾಕ್ಷಿ

~

ಕೆರೆಕಟ್ಟೆ
17 ಜೂನ್ 2006

ವೀರಬಸಮ್ಮ,

ಹಿಂದಿನ ಕಾಗದ ಹರಿದುಹಾಕು. ಈಗ ನಿನ್ನನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ.

ಈ ವರ್ಷ ನಮ್ಮ ಕಡೆ ಕಾಡಿನಲ್ಲಿ ಬಂದೂಕಿನವರು ಓಡಾಡುತ್ತಿರುವುದು ನಿನಗೂ ಗೊತ್ತಿರಬಹುದು. ಅವರನ್ನು ಹುಡುಕಿಕೊಂಡು ಪೊಲೀಸರು. ನಡುವೆ ನಾವು. ಗುರುವಾರ ಮಫ್ತಿಯಲ್ಲಿದ್ದ ಒಬ್ಬರು ಹೋಟೆಲಿಗೆ ಬಂದರು. ಹೆಸರು ಹೇಳಲಿಲ್ಲ. ಎರಡು ಕಾಫಿ ಕುಡಿದರು. ಆಮೇಲೆ ತಾವೇ ಮಧ್ಯದ ಬಾಗಿಲು ತೆರೆದು ಬೋರ್ಡಿನ ಮುಂದೆ ನಿಂತರು.

"ಚೆನ್ನಾಗಿ ನಡೆಸ್ತಿದೀರಿ. ಪರವಾನಗಿ ಇದ್ಯಾ?"

ನಾನು ಸೆರಗಿಗೆ ಕೈ ಒರೆಸಿಕೊಂಡೆ.

"ಇಲ್ಲ ಅಂತ ಗೊತ್ತು. ನಾವೇನೂ ಕೀಳ್ಸಲ್ಲ. ನಡೀಲಿ. ಊರಿಗೆ ಉಪಕಾರ. ನೀವು ಒಂದು ಕೆಲಸ ಮಾಡಿ, ಕಿವಿ ತೆಗೆದು ಇಟ್ಕೊಳ್ಳಿ. ಯಾರು ಯಾರ ಹತ್ರ ಎಂತ ಮಾತಾಡ್ತಾರೆ ಅಂತ ವಾರಕ್ಕೊಂದ್ಸಲ ಬರ್ತೀನಿ, ಹೇಳಿ."

ಹೊರಡುವಾಗ ಬಾಗಿಲಲ್ಲಿ ನಿಂತು, "ಪ್ರತೀ ಭಾನುವಾರ ಇಲ್ಲಿಂದ ಮಂಗಳೂರಿಗೆ ಯಾರು ಮಾತಾಡದು?" ಎಂದರು.

ಹೌದು, ಹೊರಗಿನ ಲೈನನ್ನು ಸೇರಿಸಿದ್ದೇನೆ. ಮೊದಲ ವಾರವೇ ಸೇರಿಸಿದೆ. ಚೋಮನ ಮಗಳು ಮಂಗಳೂರಿನಲ್ಲಿ ಒಂದು ಆಸ್ಪತ್ರೆಯಲ್ಲಿ ಆಯಾ. ಊರಿಗೆಲ್ಲ ತಂತಿ ಎಳೆದವನು ಹೋಟೆಲಿಗೆ ಬಂದು, ತಿಂಡಿ ತಿನ್ನುವವರ ಎದುರು ನಿಂತು ಮಗಳ ಹತ್ತಿರ ಮಾತಾಡಬೇಕೇ? ಅವನ ಮನೆಗೇ ಜೋಡಿಸಿಕೊಟ್ಟೆ. ಭಾನುವಾರ ಅವನೂ ಹೆಂಡತಿಯೂ ಮಾತಾಡುತ್ತಾರೆ.

ಮಾತು ಮುಗಿಯಿತೇ ಎಂದು ನೋಡಲು ಆಪರೇಟರ್ ನಡುನಡುವೆ ಕಿವಿ ಕೊಡಲೇಬೇಕು, ನಿನಗೆ ಗೊತ್ತು. ಹಾಗೆ ಕೊಟ್ಟಾಗ ಏನು ಕೇಳಿದ್ದೇನೆ, ಏನು ಕೇಳಿಲ್ಲ, ಅದನ್ನು ನಾನು ನಿನಗೂ ಬರೆಯುವುದಿಲ್ಲ. ಬಂದೂಕು ಹಿಡಿದವರು ಬಾಗಿಲು ತಟ್ಟಿದರೆ ಕಾಡಂಚಿನವರು ಏನು ಮಾಡಲು ಸಾಧ್ಯ ಎಂದು ಮಾತ್ರ ನೀನು ಯೋಚಿಸು.

ಇವರಿಗೆ ಹೇಳಿದೆ. "ಎಂತದೂ ಕೇಳ್ತಿಲ್ಲೆ ಅಂದ್ಬಿಡು" ಎಂದರು. ಆದರೆ ಆ ಮನುಷ್ಯ ನಂಬುವವನಲ್ಲ. ಒಂದು ಕಡೆ ಕೂರಲಾಗುತ್ತಿಲ್ಲ. ಒಲೆ, ಬೋರ್ಡು, ಬಾಗಿಲು, ಮತ್ತೆ ಬೋರ್ಡು. ಏನು ಮಾಡಲಿ?

ಪದ್ಮಾ

~

ಬೆಂಗಳೂರು
22 ಜೂನ್ 2006
(ಸ್ಪೀಡ್ ಪೋಸ್ಟ್)

ಪದ್ಮಾ,

ಈಗ ನಾನೂ ಮುಚ್ಚಿಡುವುದಿಲ್ಲ.

ನಿಮ್ಮೂರಿನ ಲೈನಿನ ಬಗ್ಗೆ ಫೆಬ್ರವರಿಯಲ್ಲೇ ನಮಗೆ ದೂರು ಬಂದಿತ್ತು. ಯಾರ ಸಹಿಯೂ ಇರಲಿಲ್ಲ, ಹಾಗಾಗಿ ತಳಕ್ಕೆ ಹಾಕಿದೆ. ಮೇ ತಿಂಗಳಲ್ಲಿ ಪೊಲೀಸ್ ಕಡೆಯಿಂದ ವಿಚಾರಣೆಯ ಕಾಗದ ಬಂತು. ಅದನ್ನು ತಳಕ್ಕೆ ಹಾಕುವಂತಿಲ್ಲ. ಎನ್.ಆರ್. ಪುರದಲ್ಲಿ ಇದ್ದಷ್ಟು ದಿನವೂ ಬೆಳಿಗ್ಗೆ ಎದ್ದು, ಇವತ್ತು ಕೆರೆಕಟ್ಟೆಗೆ ಹೋಗುತ್ತೇನೆ ಎಂದುಕೊಳ್ಳುತ್ತಿದ್ದೆ. ನಿನ್ನ ಮುಖ ಕಂಡರೆ ಬಾಯಿಬಿಡುತ್ತೇನೆ, ಬಿಟ್ಟರೆ ಇಬ್ಬರೂ ಸಿಕ್ಕಿಬೀಳುತ್ತೇವೆ ಎಂದು ಹೆದರಿ ಬೆಂಗಳೂರಿನ ಬಸ್ಸು ಹತ್ತಿದೆ. ನೀನು ಆ ಕಾಗದ ಬರೆದದ್ದು ಸರಿಯೇ.

ಈಗ ಕೇಳು. ಯಾರ ಫೋನಿನ ಮಾತನ್ನಾಗಲಿ ಕದ್ದು ಕೇಳಬೇಕಾದರೆ ಸರ್ಕಾರದ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ ಬೇಕು. ಅದೂ ಇದೇ ಕಾಯಿದೆ. ಪರವಾನಗಿ ಇರುವವರ ಹತ್ತಿರ ಆ ಮನುಷ್ಯ ಬಂದಿದ್ದರೆ "ಆದೇಶ ತೋರಿಸಿ" ಎನ್ನುತ್ತಿದ್ದರು. ನಿನಗೆ ಹಾಗೆ ಕೇಳಲು ಬಾಯಿಲ್ಲ, ನೀನೇ ಕಾನೂನಿನ ಹೊರಗಿದ್ದೀಯ. ಅದು ಗೊತ್ತಿದ್ದೇ ಅವನು ನಿನ್ನ ಹತ್ತಿರ ಬಂದ. ಇವತ್ತು ಅವನು, ನಾಳೆ ಕಾಡಿನವರೇ ಬಂದು ಪೊಲೀಸರು ಎಲ್ಲಿದ್ದಾರೆ ಹೇಳು ಎಂದರೆ?

ಈ ಆರು ತಿಂಗಳೂ ನಾನು ನಿನಗೆ ಜೈಲಿನ ಭಯ ಹೇಳಿದೆ. ಹೇಳಬೇಕಾಗಿದ್ದದ್ದು ಇದು.

ನೀನೇ ನಿಲ್ಲಿಸು. ನಿಲ್ಲಿಸಿ ಇಲಾಖೆಗೆ ನೀನೇ ಬರೆ. ಪರವಾನಗಿ ಇಲ್ಲದೆ ನಡೆಸಿದೆ, ಹೊರಗಿನ ಲೈನನ್ನು ಸೇರಿಸಿದ್ದೆ, ಈಗ ನಿಲ್ಲಿಸಿದ್ದೇನೆ ಎಂದು. ತಪಾಸಣೆಗೆ ಬರುತ್ತಾರೆ, ಕೇಸು ಹಾಕುತ್ತಾರೆ, ದಂಡ ಬೀಳುತ್ತದೆ. ಆದರೆ ಎಲ್ಲವೂ ಕಾಗದದ ಮೇಲೆ ನಡೆಯುತ್ತದೆ. ಆಮೇಲೆ ಕೋಣೆಯ ಬಾಗಿಲು ತೆರೆದು ಯಾರಾದರೂ ನಿನ್ನನ್ನು ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ವೀರಬಸಮ್ಮ

~

ಕೆರೆಕಟ್ಟೆ
3 ಜುಲೈ 2006

ವೀರಬಸಮ್ಮ,

ನಿಲ್ಲಿಸಿದೆ. ನೀನು ಹೇಳಿದ ಹಾಗೆ ಇಲಾಖೆಗೆ ಬರೆದು ರಿಜಿಸ್ಟರ್ ಮಾಡಿ ಕಳಿಸಿದ್ದೇನೆ. ಇಷ್ಟು ಹೊತ್ತಿಗೆ ನಿಮ್ಮ ಆಫೀಸಿಗೆ ತಲುಪಿರಬೇಕು.

ಸುಮ್ಮನೆ ಬೋರ್ಡು ಆರಿಸಿ ಕೂರುವುದಕ್ಕೆ ಮನಸ್ಸು ಬರಲಿಲ್ಲ. ಹೋದ ವಾರ, 25ರ ಭಾನುವಾರ ಸಂಜೆ ಎಲ್ಲ ಮನೆಗಳಿಗೂ ಒಟ್ಟಿಗೆ ರಿಂಗ್ ಕೊಟ್ಟೆ. ಒಬ್ಬೊಬ್ಬರೇ ಎತ್ತಿದರು. ಎಲ್ಲರೂ ಒಂದೇ ಲೈನಿನಲ್ಲಿ ಇದ್ದದ್ದು ಅದೇ ಮೊದಲು. ಒಬ್ಬರ ಮನೆಯ ಮಗು ಅಳುವುದು, ಇನ್ನೊಬ್ಬರ ಮನೆಯ ನಾಯಿ ಬೊಗಳುವುದು ಎಲ್ಲರಿಗೂ ಕೇಳುತ್ತಿತ್ತು.

"ನಾನು ಪದ್ಮಾಕ್ಷಿ. ನಾಳೆಯಿಂದ ಫೋನು ಇಲ್ಲ" ಎಂದೆ.

"ಎಂತಕ್ಕೆ?" ಎಂದರು ಗಿಡ್ಡಯ್ಯ. "ಇಲಾಖೆಯೋರು ಬಂದ್ರಾ?"

"ಇಲ್ಲ. ನಿಮ್ಮ ಮಾತೆಲ್ಲ ಕೇಳಿ ಹೇಳು ಅಂತ ಒಬ್ಬರು ಬಂದಿದ್ರು. ನಡೆಸಿದ್ರೆ ಹೇಳ್ಬೇಕು. ಹೇಳದು ನನ್ನ ಹತ್ರ ಆಗದಿಲ್ಲ. ಅದಕ್ಕೆ ನಿಲ್ಲಿಸ್ತಿದೀನಿ."

ಯಾರೂ ಫೋನು ಇಡಲಿಲ್ಲ. ಚೋಮನ ದನಿ ಕೇಳಿತು. "ಅಮ್ಮಾ, ತಂತಿ ನಾನೇ ಬಿಚ್ತೆ. ಬೇರೆಯೋರು ಮರ ಹತ್ತದು ಬೇಡ."

ಆ ಮನುಷ್ಯ ಮತ್ತೆ ಬಂದಿದ್ದರು. ಇಲಾಖೆಗೆ ನಾನೇ ಬರೆದಿದ್ದೇನೆ ಎಂದೆ, ರಸೀದಿ ತೋರಿಸಿದೆ. ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಕಾಫಿ ಕುಡಿಯದೆ ಹೋದರು.

ಜಲಜಮ್ಮನ ಮನೆಗೆ ಇವರು ಬೆಳಿಗ್ಗೆ ಸಂಜೆ ಹೋಗಿ ನೋಡಿಕೊಂಡು ಬರುತ್ತಾರೆ. ಮಳೆಗೆ ಹಳ್ಳ ಏರಿದ ದಿನ ದಾಟಲಾಗದೆ ಈಚೆ ದಡದಲ್ಲಿ ನಿಂತು ಕೂಗಿದರಂತೆ. ಆಚೆಯಿಂದ ಉತ್ತರ ಬರುವವರೆಗೆ ಕೂಗಿದರಂತೆ.

ಪದ್ಮಾ

~

ಬೆಂಗಳೂರು
30 ಜುಲೈ 2006

ಪ್ರೀತಿಯ ಪದ್ಮಾ,

ತಪಾಸಣೆಯ ದಿನ ನಿನ್ನ ಕೋಣೆಯಲ್ಲಿ ನಿಂತು "ನಿಮ್ಮ ಹೆಸರು?" ಎಂದು ಕೇಳಿದೆನಲ್ಲ, ಅದು ಇನ್ನೂ ಕಿವಿಯಲ್ಲಿದೆ.

ತಪಾಸಣೆಗೆ ನನ್ನನ್ನು ಕಳಿಸಬೇಡಿ, ಆಕೆ ನನ್ನ ಗೆಳತಿ ಎಂದು ಮೇಲಧಿಕಾರಿಗೆ ಬರೆದುಕೊಟ್ಟಿದ್ದೆ. ಟಿಪ್ಪಣಿ ಎಲ್ಲಿ ಹೊಳೆಯಿತೆಂದು ಅವರಿಗೆ ಆಗ ಗೊತ್ತಾಯಿತು. "ಸಹಿ ನಾನು ಹಾಕ್ತೀನಿ. ಪ್ರಶ್ನೆ ನೀವೇ ಕೇಳಿ. ಗುರುತಿನವರು ಕೇಳಿದರೆ ಆಕೆಗೆ ಹೆದರಿಕೆ ಇರೋದಿಲ್ಲ" ಎಂದರು. ಅವರಿಗೇನು ಗೊತ್ತು. ನೀನು "ಪದ್ಮಾಕ್ಷಿ, ವಿಘ್ನೇಶ ಅವರ ಹೆಂಡತಿ" ಎಂದು ಯಾರಿಗೋ ಹೇಳಿದ ಹಾಗೆ ಹೇಳಿದೆ. ತಂದಿಟ್ಟ ಕಾಫಿಯನ್ನು ನಾನು ಮುಟ್ಟಲಿಲ್ಲ, ನಿಯಮ. ಜೀಪು ಹೊರಟ ಮೇಲೆ ತಿರುಗಿ ನೋಡಿದೆ. ನೀನು ಲೋಟ ತೊಳೆಯುತ್ತಿದ್ದೆ.

ದೂರನ್ನು ಇಟ್ಟುಕೊಂಡಿದ್ದಕ್ಕೆ ನನ್ನನ್ನೂ ಕಾರಣ ಕೇಳಿದ್ದಾರೆ. ಇದ್ದದ್ದನ್ನು ಬರೆದಿದ್ದೇನೆ. ಬಡ್ತಿ ಮುಂದಕ್ಕೆ ಹೋಗಬಹುದು. ಹೋಗಲಿ.

ಹಳ್ಳಿಗೊಂದು ಸಾರ್ವಜನಿಕ ಫೋನು ಕೊಡುವ ಯೋಜನೆಯಿದೆ, ತಂತಿಯಿಲ್ಲದ್ದು. ಹಳ್ಳದಾಚೆಯ ಮನೆಗಳನ್ನು ಬೇರೆ ಊರೆಂದೇ ಹಿಡಿದು ಪಟ್ಟಿಗೆ ಸೇರಿಸಲು ಬರೆದಿದ್ದೇನೆ. ಕೇಸು ನಡೆಯುತ್ತಿರುವುದರಿಂದ ಅದನ್ನು ನಿನ್ನ ಹೆಸರಿಗೆ ಕೊಡಲಾಗುವುದಿಲ್ಲ. ಬೇಜಾರಾಗುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಯಾರ ಹೆಸರಿಗೆ ಎಂದು ನೀನೇ ಹೇಳು.

ನಿನ್ನ
ವೀರಬಸಮ್ಮ

~

ಕೆರೆಕಟ್ಟೆ
19 ನವೆಂಬರ್ 2006

ಪ್ರೀತಿಯ ವೀರಬಸಮ್ಮ,

ಎರಡೇ ಸಾಲಿನಲ್ಲಿ "ಜಲಜಮ್ಮನ ಹೆಸರಿಗೆ" ಎಂದು ಬರೆದು ಕಳಿಸಿ ಸುಮ್ಮನಾದೆ. ನಿನ್ನ ಮೇಲೆ ಸಿಟ್ಟಿರಲಿಲ್ಲ. ಬರೆಯಲು ಕೂತರೆ ಕೈ ಬರುತ್ತಿರಲಿಲ್ಲ.

ಶೃಂಗೇರಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೆ. ದಂಡ ಹಾಕಿದರು, ಬೋರ್ಡು ಮುಟ್ಟುಗೋಲು. ಚೋಮನ ಬಗ್ಗೆ ಅಲ್ಲಿ ಯಾರೂ ಒಂದು ಮಾತು ಕೇಳಲಿಲ್ಲ. ಅವನು ಕೋರ್ಟಿನ ಹೊರಗೆ ಮರದ ಕೆಳಗೆ ಕೂತಿದ್ದ. ನಾನು ಬಂದ ಮೇಲೆ ಎದ್ದು ನನ್ನ ಚೀಲ ತೆಗೆದುಕೊಂಡ. ಬಸ್‌ಸ್ಟ್ಯಾಂಡಿನವರೆಗೆ ಅವನೇ ಹೊತ್ತುಕೊಂಡು ಬಂದ.

ಫೋನು ಬಂದಿದೆ. ಜಲಜಮ್ಮನ ಮನೆಯ ಜಗುಲಿಗೆ ಸೇರಿದ ಸಣ್ಣ ಕೋಣೆಯಲ್ಲಿ ಇಟ್ಟಿದ್ದಾರೆ, ಮಾಡಿನ ಮೇಲೆ ಆಂಟೆನಾ. ಮಳೆಗಾಲ ಮುಗಿದು ಹಳ್ಳ ಇಳಿದಿದೆ, ದಾಟಲು ತೊಂದರೆಯಿಲ್ಲ. ಹೊರಗೆ ನೀಲಿ ಬೋರ್ಡಿನಲ್ಲಿ ಅವರ ಹೆಸರು. ಹೇಗೆ ಎತ್ತುವುದು, ಹೇಗೆ ನಂಬರು ಒತ್ತುವುದು, ಎಲ್ಲ ನಾನೇ ಹೇಳಿಕೊಟ್ಟೆ. ಹೇಳಿಕೊಟ್ಟು ಮುಗಿದ ಮೇಲೂ ರಿಸೀವರನ್ನು ಅವರ ಕೈಗೆ ಬೇಗ ಕೊಡಲಿಲ್ಲ. ಅದು ನನ್ನ ಕೋಣೆಯಲ್ಲಿ ಇರಬೇಕಿತ್ತು ಎಂಬ ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳುತ್ತೇನೆ.

ಇವತ್ತು ಭಾನುವಾರ. ಚೋಮ ಮಗಳ ಹತ್ತಿರ ಮಾತಾಡಿ ಬಂದ ಮೇಲೆ ನಾನು ಒಳಗೆ ಹೋದೆ. ಜಗುಲಿಯಲ್ಲಿ ನಾಲ್ಕಾರು ಜನ ಕಾಯುತ್ತಿದ್ದರು. ಜಲಜಮ್ಮ ಫೋನಿನ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದರು.

"ಯಾರಿಗೆ ಮಾಡ್ತೆ?" ಎಂದರು.

"ಬೆಂಗಳೂರಿಗೆ."

ಅವರು ಹೂವಿನ ಬುಟ್ಟಿ ಎತ್ತಿಕೊಂಡು ಎದ್ದರು. ಜಗುಲಿಯವರಿಗೆ, "ಎಲ್ಲ ಅಂಗಳಕ್ಕೆ ಇಳೀರಿ. ಅವಳ ಮಾತು ಅವಳಿಗೆ" ಎಂದರು. ತಾವೂ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಇದನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ.

ಒಳಗೆ ನಾನೊಬ್ಬಳೇ. ನಿನ್ನ ಮನೆಯ ನಂಬರು ಒತ್ತಿದೆ. ನೀನು ಎತ್ತಿ, "ಹಲೋ, ಯಾರು?" ಎಂದೆ. ಎರಡನೆಯ ಸಲವೂ ನೀನೇ ಕೇಳಿದೆ, "ಯಾರು ಮಾತಾಡೋದು?" ಎಂದು. ನನಗೆ ಸ್ವರ ಹೊರಡಲಿಲ್ಲ. ಆಮೇಲೆ ನೀನು ಮಾತು ನಿಲ್ಲಿಸಿದೆ. ಆದರೆ ಫೋನು ಇಡಲಿಲ್ಲ. ನಿನ್ನ ಮನೆಯ ಕುಕ್ಕರ್ ಕೂಗಿದ್ದು ಕೇಳಿತು. ಇಟ್ಟವಳು ನಾನು.

ಹೊರಗೆ ಬಂದಾಗ ಅಂಗಳದಲ್ಲಿದ್ದವರು ಯಾರೂ ನನ್ನ ಮುಖ ನೋಡಲಿಲ್ಲ, ಏನು ಎಂದೂ ಕೇಳಲಿಲ್ಲ.

ಮುಂದಿನ ಭಾನುವಾರ ಮತ್ತೆ ಮಾಡುತ್ತೇನೆ. ಮಾತು ಬಂದರೆ ಮಾತಾಡುತ್ತೇನೆ. ಬರದಿದ್ದರೆ ನೀನು ಮಾತಾಡು. ಮದುವೆಯಲ್ಲಿ ಏನು ಅಡುಗೆ ಮಾಡಿಸಿದ್ದರು ಎಂದಾದರೂ ಹೇಳು.

ನಿನ್ನ
ಪದ್ಮಾ